ಸಂತೆಯಿಂದ ಸಂತೆಗೆ: ಹಿತ್ತಲು, ಹೊಲಿಗೆ, ಓದು, ಊರ ಕೆಲಸಕ್ಕೆ ವಾರದ ಗುರಿ

ಕ್ಯಾಲೆಂಡರಿನಲ್ಲಿ ವಾರ ಎಲ್ಲಿಂದ ಬೇಕಾದರೂ ಶುರುವಾಗಲಿ, ಕೊಡಗಿನ ಮನೆಗಳ ವಾರ ಶುರುವಾಗುವುದು ಸಂತೆಯಿಂದ. ಮಡಿಕೇರಿಯವರಿಗೆ ಶುಕ್ರವಾರ, ಗೋಣಿಕೊಪ್ಪದವರಿಗೆ ಭಾನುವಾರ, ವಿರಾಜಪೇಟೆಯವರಿಗೆ ಬುಧವಾರ. ಶನಿವಾರಸಂತೆಯವರು ಯಾರನ್ನೂ ಕೇಳಬೇಕಾಗಿಲ್ಲ. ಬಟವಾಡೆ, ಮನೆ ಸಾಮಾನು, ಪೇಟೆಯ ಕೆಲಸ ಎಲ್ಲವೂ ಆ ದಿನದ ಸುತ್ತ ಸುತ್ತುತ್ತವೆ. ಹಾಗಾಗಿ ವಾರದ ಗುರಿಯನ್ನು ಸಂತೆಯ ಹಿಂದಿನ ಸಂಜೆ ಒಂದು ಪುಸ್ತಕದಲ್ಲಿ, ವಾರಕ್ಕೊಂದು ಪುಟದಂತೆ, ಬರೆಯಿರಿ. 14 ನಂಬರಿನ ಸೂಜಿ ಬೇಕು, ಮೂಲಂಗಿ ಬೀಜ ಬೇಕು, ಲೈಬ್ರರಿ ಪುಸ್ತಕ ವಾಪಸು ಕೊಡಬೇಕು ಎಂಬುದೆಲ್ಲ ಆಗಲೇ ಚೀಟಿಗೆ ಬಂದುಬಿಡುತ್ತದೆ. ಸಂತೆ ಮುಗಿದ ಮೇಲೆ ಗುರಿ ಬರೆದರೆ ಸಾಮಾನಿಲ್ಲದೆ ಕೆಲಸ ನಿಲ್ಲುತ್ತದೆ, ಮುಂದಿನ ಸಂತೆಯವರೆಗೆ ಕಾಯಬೇಕಾಗುತ್ತದೆ. ಒಂದು ಸೂಜಿಗೆಂದು ಬಸ್ಸು ಹತ್ತಿ ಪೇಟೆಗೆ ಹೋಗಿಬಂದರೆ ಅರ್ಧ ದಿನ ಹೋಯಿತು.

ಬರೆಯುವ ಮುನ್ನ ಎರಡು ವಾರ ಲೆಕ್ಕ ಇಡಿ. ಅಡುಗೆಮನೆ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ, ಮನೆಕೆಲಸ, ತೋಟದ ಕೆಲಸ, ಮಕ್ಕಳು, ದನ ಎಲ್ಲ ಮುಗಿದ ಮೇಲೆ ನಿಮ್ಮ ಕೈಗೆ ನಿಜವಾಗಿ ಎಷ್ಟು ಹೊತ್ತು ಸಿಕ್ಕಿತು ಎಂದು ಬರೆಯುತ್ತಾ ಹೋಗಿ. ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಸಿಕ್ಕಿದ್ದನ್ನು ಬಿಟ್ಟುಬಿಡಿ. ಅಷ್ಟರಲ್ಲಿ ಮೆಷಿನ್ನಿನ ಹೊದಿಕೆ ತೆಗೆದು ದಾರ ಪೋಣಿಸುವಷ್ಟರಲ್ಲೇ ಯಾರಾದರೂ ಕರೆಯುತ್ತಾರೆ. ವಾರಕ್ಕೆ ಹತ್ತು ಗಂಟೆ ಸಿಗುತ್ತದೆ ಎಂದಾದರೆ ಆರು ಗಂಟೆಗೆ ಮಾತ್ರ ಗುರಿ ಹಾಕಿ. ಉಳಿದ ನಾಲ್ಕು ಗಂಟೆಗೆ ವಾರಸುದಾರರು ತಾವಾಗಿ ಬರುತ್ತಾರೆ: ಕರೆಂಟು ಹೋಗುವುದು, ನೆಂಟರು ಬರುವುದು, ರಸ್ತೆಗೆ ಮರ ಬೀಳುವುದು, ಊರಲ್ಲೊಂದು ಸಾವು. ಮದುವೆ, ಊರ ಹಬ್ಬ ಇರುವ ವಾರ ಆ ಆರರಲ್ಲೂ ಅರ್ಧ ಕಳೆಯಿರಿ. ಏಪ್ರಿಲ್-ಮೇ ತಿಂಗಳಲ್ಲಿ ಇಂಥ ವಾರಗಳೇ ಹೆಚ್ಚು, ಆದ್ದರಿಂದ ಲಗ್ನಪತ್ರಿಕೆ ಕೈಗೆ ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ.

ಆರು ಗಂಟೆಯನ್ನು ಹಿತ್ತಲು, ಹೊಲಿಗೆ, ಓದು, ಊರ ಕೆಲಸ ನಾಲ್ಕಕ್ಕೂ ಸಮನಾಗಿ ಹಂಚಬೇಡಿ. ಒಂದೂವರೆ ಗಂಟೆಯಲ್ಲಿ ರವಿಕೆಯೂ ಮುಗಿಯದು, ಚರಂಡಿಯೂ ಮುಗಿಯದು, ಎಲ್ಲವೂ ಅರೆಬರೆ. ಪ್ರತಿ ವಾರ ಒಂದು ಕೆಲಸ ಹಿರಿಯದು, ಅದಕ್ಕೆ ಮೂರು ಗಂಟೆ. ಮಿಕ್ಕ ಮೂರು ಕಿರಿಯವು, ಒಂದೊಂದಕ್ಕೆ ಒಂದು ಗಂಟೆ. ಕಿರಿಯದು ಆ ವಾರ ದೊಡ್ಡದೇನನ್ನೂ ಸಾಧಿಸಬೇಕಾಗಿಲ್ಲ, ಕೈ ತಪ್ಪದಂತೆ ನೋಡಿಕೊಂಡರೆ ಸಾಕು.

ಯಾವುದು ಹಿರಿಯದು ಎಂಬುದನ್ನು ಮನಸ್ಸಿಗಿಂತ ಮಳೆ ತೀರ್ಮಾನಿಸುತ್ತದೆ. ಫೆಬ್ರವರಿಯಿಂದ ಮೇ ಕೊನೆಯವರೆಗೆ ಹಿತ್ತಲು: ಒಣಗಿಸುವುದು, ಸೌದೆ, ಮಾಡು, ಚರಂಡಿ. ಜೂನ್‌ನಿಂದ ಆಗಸ್ಟ್‌ವರೆಗೆ, ಅದರಲ್ಲೂ ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು), ಹೊಲಿಗೆ ಮತ್ತು ಓದು. ಸೆಪ್ಟೆಂಬರ್ 3ರ ಆಸುಪಾಸಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲೆ ಮತ್ತೆ ಹಿತ್ತಲು, ಈ ಸಲ ತರಕಾರಿಗಾಗಿ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದಿಂದ ಸುಗ್ಗಿ ಹಬ್ಬ ಹುತ್ತರಿಯವರೆಗೆ ಊರ ಕೆಲಸಕ್ಕೆ ಒಳ್ಳೆಯ ಕಾಲ. ಅರೇಬಿಕಾ, ಆಮೇಲೆ ರೋಬಸ್ಟಾ ಕುಯ್ಲು ಹಿಡಿದ ಡಿಸೆಂಬರ್-ಜನವರಿಯಲ್ಲಿ ತೋಟದ ಮನೆಗಳಲ್ಲಿ ಯಾವುದೂ ಹಿರಿಯದಲ್ಲ; ನಾಲ್ಕಕ್ಕೂ ಅರ್ಧರ್ಧ ಗಂಟೆ ಸಿಕ್ಕರೆ ದೊಡ್ಡದು. ಕುಶಾಲನಗರದ ಕಡೆ ಮಳೆ ಕಡಿಮೆ, ಭಾಗಮಂಡಲದ ಕಡೆ ವಿಪರೀತ. ಹಾಗಾಗಿ ಈ ಪಟ್ಟಿಯನ್ನು ನಿಮ್ಮೂರಿಗೆ ತಕ್ಕಂತೆ ಎರಡು ಮೂರು ವಾರ ಹಿಂದೆ ಮುಂದೆ ಸರಿಸಿಕೊಳ್ಳಿ.

ಗುರಿ ಬರೆಯುವ ಭಾಷೆ

‘ಹಿತ್ತಲು ಸರಿ ಮಾಡಬೇಕು’ ಎಂಬುದು ಗುರಿಯಲ್ಲ, ಕೊರಗು. ‘ಬಚ್ಚಲ ಹಿಂದಿನ ಚರಂಡಿ 20 ಅಡಿ ಹೂಳು ತೆಗೆಯುವುದು’ ಎಂದರೆ ಗುರಿ. ಎಷ್ಟು, ಎಲ್ಲಿ, ಯಾವಾಗ ಮುಗಿಯಿತು ಎನ್ನಬೇಕು ಎಂಬ ಮೂರೂ ಅದರಲ್ಲಿವೆ. ಮನೆಯ ಬೇರೆಯವರು ಓದಿದರೂ ಮುಗಿದಿದೆಯೋ ಇಲ್ಲವೋ ಎಂದು ನೋಡಿ ಹೇಳುವಂತಿರಬೇಕು.

ಅದರ ಕೆಳಗೆ ಇನ್ನೊಂದು ಸಾಲು: ‘ಮಳೆ ಬಿಡದಿದ್ದರೆ’. ಹೊರಗಿನ ಪ್ರತಿ ಗುರಿಗೂ ಮಾಡಿನ ಕೆಳಗೆ ಮಾಡಬಹುದಾದ ಬದಲಿ ಕೆಲಸ ಒಂದು ಇರಲೇಬೇಕು. ಬದಲಿ ಇಲ್ಲದೆ ಬರೆದ ಗುರಿ ಜುಲೈಯಲ್ಲಿ ಮೂರು ವಾರ ಹಾಗೇ ಬಿದ್ದಿರುತ್ತದೆ, ನಾಲ್ಕನೆಯ ವಾರ ಪುಸ್ತಕ ತೆರೆಯಲೂ ಮನಸ್ಸಾಗುವುದಿಲ್ಲ. ಬಿಸಿಲಿನ ಗುರಿ ಮೂರು ಗಂಟೆಯ ಹೊಳವಿನಲ್ಲಿ ಮುಗಿಯುವಷ್ಟೇ ಇರಲಿ, ಏಕೆಂದರೆ ಮಳೆಗಾಲದಲ್ಲಿ ಹೊಳವು ಅದಕ್ಕಿಂತ ಹೆಚ್ಚು ನಿಲ್ಲುವುದು ಅಪರೂಪ.

ಗಡುವಿರುವ ಕೆಲಸಕ್ಕೆ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಮಾಡಿ. ಸೌದೆಯನ್ನೇ ನೋಡಿ. ಒಂದು ವಾರ ಒಲೆಗೂ ಬಚ್ಚಲ ಹಂಡೆಗೂ ಎಷ್ಟು ಉರಿಯುತ್ತದೆ ಎಂದು ತೂಗಿ. ದಿನಕ್ಕೆ 5 ಕಿಲೋ ಎಂದಾದರೆ ವಾರಕ್ಕೆ 35. ಜೂನ್‌ನಿಂದ ಸೆಪ್ಟೆಂಬರ್ ಕೊನೆಗೆ 17 ವಾರ, ಒಟ್ಟು 595 ಕಿಲೋ. ಇದನ್ನು ಏಪ್ರಿಲ್-ಮೇ ತಿಂಗಳ ಎಂಟು ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 75 ಕಿಲೋ, ಅಂದರೆ 15 ಕಿಲೋದ ಐದು ಹೊರೆ. ‘ಮಳೆಗಾಲಕ್ಕೆ ಸೌದೆ ಮಾಡಬೇಕು’ ಎಂದರೆ ಬೆಟ್ಟದಂತೆ ಕಾಣುವ ಕೆಲಸ, ‘ಈ ವಾರ ಐದು ಹೊರೆ’ ಎಂದಾಗ ಎರಡು ಬೆಳಗಿನದ್ದಾಗುತ್ತದೆ. ಹಸಿ ಕಟ್ಟಿಗೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಬಿಸಿಲಲ್ಲಿ ಒಣಗಿ, ಒಡೆದು, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಪೇರಿಸಿಟ್ಟದ್ದು ಮಾತ್ರ ಸೌದೆ. ನೆಲಕ್ಕೆ ತಾಗಿದ ಸಾಲನ್ನು ಜೂನ್ ಮುಗಿಯುವ ಮೊದಲೇ ಗೆದ್ದಲು ತಿನ್ನುತ್ತದೆ.

ಹಿತ್ತಲು

ಹಿತ್ತಲಿನ ಗುರಿಗಳಲ್ಲಿ ಎರಡು ಜಾತಿ. ಒಂದು, ಮಾಡಿದ ದಿನವೇ ಮುಗಿಯುವಂಥದ್ದು: ಹೆಂಚು ಬದಲಿಸುವುದು, ಬೇಲಿಯ ಸಂದು ಮುಚ್ಚುವುದು. ಇನ್ನೊಂದು, ಇಂದು ಮಾಡಿದ್ದಕ್ಕೆ ನಾಲ್ಕು ವಾರದ ನಂತರ ಬಾಲ ಬರುವಂಥದ್ದು. ಜನ ಎಡವುವುದು ಎರಡನೆಯದರಲ್ಲಿ. ಕಾವು ಕೂತ ನಾಟಿ ಕೋಳಿಯ ಕೆಳಗೆ ಈ ವಾರ ಹತ್ತು ಹನ್ನೆರಡು ಮೊಟ್ಟೆ ಇಟ್ಟಿರಿ ಎನ್ನಿ. ಏಳನೆಯ ದಿನ ರಾತ್ರಿ ಟಾರ್ಚ್ ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ನರದಂತೆ ಕೆಂಪು ಗೆರೆ ಕಾಣದೆ ತಿಳಿಯಾಗಿದ್ದರೆ ಅದು ಬಂಜೆ ಮೊಟ್ಟೆ, ತೆಗೆಯಿರಿ. 21ನೆಯ ದಿನ ಮರಿ. ಮರಿಗೆ ಐದರಿಂದ ಏಳು ದಿನವಾದಾಗ ಕೊಕ್ಕರೆ (ರಾಣಿಖೇತ್) ರೋಗದ ಮೊದಲ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ಎಂದರೆ ಮೊಟ್ಟೆ ಇಟ್ಟ ದಿನವೇ ಪುಸ್ತಕದಲ್ಲಿ ಮುಂದಿನ ಮೂರು ಪುಟಗಳಲ್ಲಿ ಬರೆದಿಡಬೇಕು: ಒಂದನೆಯ ವಾರ ‘ಮೊಟ್ಟೆ ನೋಡು’, ಮೂರನೆಯ ವಾರ ‘ಮರಿ’, ನಾಲ್ಕನೆಯ ವಾರ ‘ಲಸಿಕೆ’. ಸಣ್ಣ ಸೀಸೆಯೇ ಸಾಮಾನ್ಯವಾಗಿ ನೂರು ಕೋಳಿಗೆ ಆಗುವಂಥದ್ದು, ನಿಮ್ಮಲ್ಲಿರುವುದು ಹತ್ತು ಮರಿ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಹಾಕಿ ಮುಗಿಸಬೇಕು, ಅಲ್ಲಿಯವರೆಗೂ ಮಂಜುಗಡ್ಡೆಯ ಮೇಲಿರಬೇಕು. ಅದಕ್ಕೆ ಅಕ್ಕಪಕ್ಕದ ಐದಾರು ಮನೆಗೆ ಮೊದಲೇ ಹೇಳಿ ಒಂದೇ ದಿನ ಇಟ್ಟುಕೊಳ್ಳಿ. ಅಲ್ಲಿಗೆ ಅದು ಆ ವಾರದ ಊರ ಕೆಲಸವೂ ಆಯಿತು. ಎರಡು ಕಡೆಯೂ ಟಿಕ್ ಹಾಕಿಕೊಳ್ಳಬೇಡಿ, ಒಂದು ಸಾಕು.

ಕೋಳಿಗೂಡಿನ ಭತ್ತದ ಹೊಟ್ಟನ್ನು ಮಳೆಗಾಲದಲ್ಲಿ ವಾರಕ್ಕೆರಡು ಸಲ ಕೆದಕಿ ಮೇಲೆ ಕೆಳಗೆ ಮಾಡಿ. ಕಣ್ಣು ಉರಿಸುವ ವಾಸನೆ ಬಂದರೆ ಹೊಟ್ಟು ಒದ್ದೆಯಾಗಿದೆ ಎಂದರ್ಥ. ಆ ಒದ್ದೆಯಲ್ಲೇ ಮರಿಗಳಿಗೆ ರಕ್ತಭೇದಿ ಹತ್ತುವುದು. ನೀರಿನ ತಟ್ಟೆಯ ಸುತ್ತಲಿನ ಹೊಟ್ಟನ್ನು ಪೂರ್ತಿ ತೆಗೆದು ಒಣ ಹೊಟ್ಟು ಹಾಕಿ. ‘ಮಳೆ ಬಿಡದಿದ್ದರೆ’ ಸಾಲಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದು ಕಷ್ಟ.

ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮೊದಲು, ಕರಿಮೆಣಸಿನ ಬಳ್ಳಿಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ವಾರ ಒಂದು ಇರುತ್ತದೆ. ಮನೆ ಸುತ್ತಲಿನ ನಾಲ್ಕಾರು ಬಳ್ಳಿಗೆ 10 ಲೀಟರ್ ಮಾಡಿಕೊಳ್ಳುವುದಾದರೆ 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ ಕರಗಿಸಿ. 100 ಗ್ರಾಂ ಸುಟ್ಟ ಸುಣ್ಣವನ್ನು ಬೇರೆ ಬಕೆಟ್ಟಿನಲ್ಲಿ ಅರಳಿಸಿ, ಸೋಸಿ, 5 ಲೀಟರ್ ಮಾಡಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ತಿರುಗಿಸಬೇಕು. ಅದಲು ಬದಲು ಮಾಡಿದರೆ ದ್ರಾವಣ ಒಡೆದಂತಾಗಿ ತಳಕ್ಕೆ ಕೂರುತ್ತದೆ. ಬಕೆಟ್ ಪ್ಲಾಸ್ಟಿಕ್ಕಿನದೇ ಆಗಬೇಕು, ಕೈಗವಸು ಬೇಕು. ತುಕ್ಕಿಲ್ಲದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಲೇಪ ಬರುವುದು ನಿಲ್ಲುವವರೆಗೂ ಸುಣ್ಣದ ನೀರು ಸೇರಿಸಿ. ಮಾಡಿದ್ದನ್ನು ಆ ದಿನವೇ ಹೊಡೆದು ಮುಗಿಸಿ. ಇದಕ್ಕೆ ಮಳೆಯಿಲ್ಲದ ಒಂದು ಪೂರ್ತಿ ಹಗಲು ಬೇಕಾದ್ದರಿಂದ ವಾರದಲ್ಲಿ ಒಂದೇ ದಿನಕ್ಕೆ ಕಟ್ಟಿಹಾಕದೆ ‘ಮೊದಲು ಸಿಕ್ಕ ಒಣ ದಿನ’ ಎಂದು ಬರೆಯಿರಿ, ಸಾಮಾನು ಮಾತ್ರ ಹಿಂದಿನ ಸಂತೆಯಲ್ಲೇ ತಂದಿಡಿ.

ತರಕಾರಿಯ ವಿಷಯಕ್ಕೆ ಬಂದರೆ, ಜೂನ್-ಜುಲೈಯಲ್ಲಿ ಕೊತ್ತಂಬರಿ, ಹರಿವೆ ಬಿತ್ತಿ ಮಳೆಗೆ ಕೊಳೆಸುವುದು ಬೇಡ. ಆಗ ಹಿತ್ತಲಿನಲ್ಲಿ ಕೆಸು ಇದೆ, ಕಾಡಂಚಿನಲ್ಲಿ ಕಣಿಲೆ (ಎಳೆ ಬಿದಿರು) ಇದೆ, ಅಷ್ಟೇ ಸಾಕು. ಕಣಿಲೆಯನ್ನು ಹೆಚ್ಚಿದ ಮೇಲೆ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿಡಬೇಕು. ಆದ್ದರಿಂದ ಅದು ವಾರದ ಮೊದಲ ದಿನಗಳ ಕೆಲಸ, ಕೊನೆಯ ದಿನದ್ದಲ್ಲ. ಕೆಸು ತುರಿಸದಿರಲು ಹುಳಿ ಬೇಕು, ಕಾಚಂಪುಳಿ ಸೀಸೆಯಲ್ಲಿ ಎಷ್ಟಿದೆ ನೋಡಿಕೊಳ್ಳಿ. ಕಕ್ಕಡ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಅಂದಿನ ಪಾಯಸಕ್ಕೆ ಬೇಕಾದ ಮದ್ದುಸೊಪ್ಪು ಎಲ್ಲಿದೆ ಎಂದು ಹಿಂದಿನ ವಾರವೇ ನೋಡಿಟ್ಟುಕೊಳ್ಳುವುದು ಅರ್ಧ ಗಂಟೆಯ ಗುರಿ. ಬಯಲು ಸೀಮೆಯಿಂದ ಬಂದ ಸೊಸೆಗೆ ಮಾತ್ರ ಒಂದು ಮಾತು ಮೊದಲೇ ಹೇಳಿಡಿ: ಆ ಪಾಯಸ ಕುಡಿದ ಮೇಲೆ ಮೂತ್ರ ಕೆಂಪಾದರೆ ಗಾಬರಿ ಬೇಡ.

ಕೈಲ್‌ಪೊಳ್ದ್ ಕಳೆದ ವಾರ ಕೋಸು, ನವಿಲುಕೋಸಿನ ಬೀಜ ಟ್ರೇಗೆ ಹಾಕಿ ಜಗಲಿಯ ಅಂಚಿನಲ್ಲಿಡಿ. ಬೆಳಕು ಬೀಳಬೇಕು, ಮಾಡಿನ ನೀರು ಬೀಳಬಾರದು. ಸಸಿ ಬುಡದಲ್ಲಿ ಕಪ್ಪಾಗಿ ಮಗುಚಿಕೊಂಡರೆ ನೀರು ಹೆಚ್ಚಾಗಿದೆ ಎಂದೇ ತಿಳಿಯಿರಿ. 25ರಿಂದ 30 ದಿನಕ್ಕೆ, ಎಂದರೆ ಅಕ್ಟೋಬರ್ ಮೊದಲ ವಾರದ ಆಚೀಚೆ, ನಾಟಿ. ಪಾತಿ ಮೂರು ಅಡಿ ಅಗಲ, ಒಂದು ಅಡಿ ಎತ್ತರ ಇರಲಿ, ಅಕ್ಟೋಬರಿನ ಗುಡುಗು ಮಳೆಗೆ ನೀರು ನಿಲ್ಲಬಾರದು. ಸೊಪ್ಪನ್ನು ಒಂದೇ ಸಲ ಬಿತ್ತುವುದು ಎಲ್ಲರೂ ಮಾಡುವ ತಪ್ಪು. ಒಂದು ವಾರ ತಿನ್ನಲಾರದಷ್ಟು, ಆಮೇಲೆ ಏನೂ ಇಲ್ಲ. ನಾಲ್ಕು ಜನರ ಮನೆಗೆ ಎರಡು ಅಡಿಗೆ ಮೂರು ಅಡಿಯ ಪಟ್ಟಿ, ಎರಡು ವಾರಕ್ಕೊಮ್ಮೆ. ಹರಿವೆ ನಾಲ್ಕು ವಾರಕ್ಕೆ ಕೈಗೆ ಬರುತ್ತದೆ, ಮೂಲಂಗಿ ಆರು ವಾರಕ್ಕೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಉಜ್ಜಿ ಎರಡಾಗಿ ಮಾಡಿ ಬಿತ್ತದಿದ್ದರೆ ಹತ್ತು ದಿನ ಕಾದರೂ ಮೊಳಕೆ ಬಿಟ್ಟುಬಿಟ್ಟು ಬರುತ್ತದೆ.

ಅಗೆಯುವ ಗುರಿ ಹಾಕುವ ಮುನ್ನ ಒಂದು ಹಿಡಿ ಮಣ್ಣು ಹಿಂಡಿ ನೋಡಿ. ಬೆರಳ ಸಂದಿಯಿಂದ ನೀರು ಬಂದರೆ ಗುದ್ದಲಿ ಒಳಗಿಡಿ, ಒದ್ದೆ ಕೆಂಪು ಮಣ್ಣನ್ನು ತುಳಿದು ಅಗೆದರೆ ಒಣಗಿದ ಮೇಲೆ ಇಟ್ಟಿಗೆ. ಆನೆ ಓಡಾಟವಿರುವ ಕಡೆ ಬೆಳಗ್ಗೆ ಎಂಟರ ಮೊದಲು, ಸಂಜೆ ಐದರ ನಂತರ ಯಾವ ಹೊರ ಕೆಲಸವನ್ನೂ ಪುಸ್ತಕಕ್ಕೆ ಹತ್ತಿಸಬೇಡಿ. ಮೇ-ಜೂನ್‌ನಲ್ಲಿ ಮನೆ ಹತ್ತಿರದ ಹಲಸು ಹಣ್ಣಾಗಿ ವಾಸನೆ ಬಿಡುವ ಮೊದಲೇ ಇಳಿಸುವುದು ಪ್ರತಿ ವಾರದ ಖಾಯಂ ಸಾಲಾಗಿರಲಿ.

ಹೊಲಿಗೆ

ಹೊಲಿಗೆಯ ಗುರಿ ತಪ್ಪುವುದಕ್ಕೆ ಕೈ ಬಾರದಿರುವುದಕ್ಕಿಂತ ದೊಡ್ಡ ಕಾರಣ, ಮೆಷಿನ್ನಿನ ಮೇಲೆ ಮಡಚದ ಬಟ್ಟೆಯ ರಾಶಿ. ಮಳೆಗಾಲದಲ್ಲಂತೂ ಒಣಗದ ಬಟ್ಟೆಗೆ ಅದೇ ಅಟ್ಟಣೆ. ಒದ್ದೆ ಬಟ್ಟೆ ಕೂತ ಮೆಷಿನ್ನು ಎರಡೇ ವಾರಕ್ಕೆ ತುಕ್ಕು ಹಿಡಿಯಲು ಶುರುಮಾಡುತ್ತದೆ. ಹಾಗಾಗಿ ಜೂನ್ ಮೊದಲ ವಾರದ ಗುರಿ ಮೆಷಿನ್ನೇ: ಬಾಬಿನ್ ಕೇಸ್ ಬಿಚ್ಚಿ ದಾರದ ಧೂಳು ತೆಗೆಯುವುದು, ಹಲ್ಲಿನ ತಟ್ಟೆಯ ಕೆಳಗೆ ಬ್ರಷ್ ಆಡಿಸುವುದು, ಎಣ್ಣೆ ತೂತಿಗೆಲ್ಲ ಒಂದೊಂದು ಹನಿ ಮೆಷಿನ್ ಎಣ್ಣೆ, ಆಮೇಲೆ ದಾರವಿಲ್ಲದೆ ಎರಡು ನಿಮಿಷ ತುಳಿಯುವುದು, ಕೊನೆಗೆ ಹಳೆ ಬಟ್ಟೆಯ ಮೇಲೆ ಒಂದು ಗೇಣು ಹೊಲಿದು ಎಣ್ಣೆ ಕಲೆ ಬರುವುದು ನಿಲ್ಲುವವರೆಗೆ ನೋಡುವುದು. ಕೊಬ್ಬರಿ ಎಣ್ಣೆ ಹಾಕಬೇಡಿ. ಮಡಿಕೇರಿಯ ಚಳಿಗೆ ಅದು ಗಟ್ಟಿಯಾಗಿ ಮೆಷಿನ್ನು ಹಿಡಿದುಕೊಳ್ಳುತ್ತದೆ. ತುಳಿಯುವ ಮೆಷಿನ್ನಿನ ಚರ್ಮದ ಬೆಲ್ಟು ತೇವಕ್ಕೆ ಸಡಿಲವಾಗಿ ಚಕ್ರ ಜಾರುತ್ತದೆ. ಕೊಂಡಿ ಬಿಚ್ಚಿ ಒಂದು ಸೆಂಟಿಮೀಟರಿಗಿಂತ ಕಡಿಮೆ ಕತ್ತರಿಸಿ ಮತ್ತೆ ಕೊಂಡಿ ಹಾಕಿ. ಹೆಚ್ಚು ಕತ್ತರಿಸಿದರೆ ಬೇಸಿಗೆಯಲ್ಲಿ ತುಳಿಯಲು ಕಾಲು ನೋಯುತ್ತದೆ. ಕೆಲಸ ಮುಗಿದ ಮೇಲೆ ಒತ್ತುಗಾಲಿನ ಕೆಳಗೆ ಒಣ ಬಟ್ಟೆಯ ತುಂಡೊಂದನ್ನು ಇಟ್ಟೇ ಮುಚ್ಚಿ. ಹೊಲಿಯುತ್ತಿರುವ ಒಳ್ಳೆಯ ಬಟ್ಟೆಯಲ್ಲಿ ಸೂಜಿ ಚುಚ್ಚಿ ಬಿಟ್ಟರೆ ಬೆಳಗ್ಗೆಗೆ ತುಕ್ಕಿನ ಚುಕ್ಕೆ, ಅದು ಹೋಗುವುದಿಲ್ಲ.

ಸೂಜಿ ತೆಳು ವಾಯಿಲ್‌ಗೆ 11, ಮಾಮೂಲಿ ಹತ್ತಿಗೆ 14, ದಪ್ಪ ಬಟ್ಟೆಗೆ 16. ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತಿದ್ದರೆ ಮೊದಲು ಸೂಜಿ ಬದಲಿಸಿ, ಟೆನ್ಷನ್ ತಿರುಪನ್ನು ಮುಟ್ಟಬೇಡಿ. ಬಟ್ಟೆಯ ಕೆಳಗೆ ದಾರದ ಗಂಟು ಗಂಟು ಬಂದರೆ ತಪ್ಪು ಮೇಲಿನ ದಾರದ್ದು. ಒತ್ತುಗಾಲು ಎತ್ತಿ ಮೊದಲಿಂದ ಪೋಣಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ.

ಈಗ ವಾರಕ್ಕೆ ಎಷ್ಟು? ಮೂರು ಗಂಟೆಯ ಹಿರಿಯ ವಾರವಾದರೆ ದಿಂಬಿನ ಕವರ್ ಎರಡು. 17ಕ್ಕೆ 27 ಇಂಚಿನ ದಿಂಬಿಗೆ ಗುಂಡಿಯಿಲ್ಲದ ಮಡಿಕೆ ಕವರ್ ಒಂದಕ್ಕೆ 19 ಇಂಚು ಅಗಲ, 64 ಇಂಚು ಉದ್ದದ ಒಂದೇ ಪಟ್ಟಿ ಸಾಕು: ಎರಡು ಮುಖಕ್ಕೆ 28-28, ಒಳಮಡಿಕೆಗೆ 6, ಎರಡು ತುದಿಯ ಅಂಚು ಮಡಚಲು 2. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಎರಡು ಪಟ್ಟಿ ಪಕ್ಕಪಕ್ಕ ಬರುತ್ತವೆ. 1.75 ಮೀಟರ್ ತನ್ನಿ. ಹತ್ತಿ ಬಟ್ಟೆ ಮೊದಲ ನೀರಿಗೆ ನೂರಕ್ಕೆ ಮೂರು ನಾಲ್ಕು ಕುಗ್ಗುತ್ತದೆ, ಆದ್ದರಿಂದ ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿ. ಜುಲೈಯಲ್ಲಿ ಈ ಒಣಗಿಸುವುದಕ್ಕೇ ಎರಡು ಮೂರು ದಿನ ಬೇಕು. ಎಂದರೆ ಈ ವಾರದ ಕವರಿನ ಬಟ್ಟೆ ಹೋದ ವಾರವೇ ನೀರಿಗೆ ಬಿದ್ದಿರಬೇಕು.

ಸೀರೆಗೆ ಫಾಲ್ ಹಚ್ಚುವುದು ಒಂದು ಗಂಟೆಯ ಕಿರಿಯ ಗುರಿಯಂತೆ ಕಾಣುತ್ತದೆ, ಆದರೆ ಕೈಹೊಲಿಗೆಯಾದರೆ ಎರಡು ಗಂಟೆ ಬೇಕು. ಎರಡು ವಾರಕ್ಕೆ ಒಡೆಯಿರಿ: ಮೊದಲ ವಾರ ಫಾಲನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಕೆಳಅಂಚು ಹಚ್ಚುವುದು, ಎರಡನೆಯ ವಾರ ಮೇಲಂಚಿನ ಹೆಮ್ಮಿಂಗ್. ನೆನೆಸದೆ ಹಚ್ಚಿದ ಫಾಲ್ ಮೊದಲ ಒಗೆತಕ್ಕೇ ಕುಗ್ಗಿ ಸೀರೆಯ ಅಂಚನ್ನು ಸುಕ್ಕುಗಟ್ಟಿಸುತ್ತದೆ. ಕೊಡವ ಸೀರೆಯ ಉಡುಗೆಯಲ್ಲಿ ನೆರಿಗೆ ಹಿಂದಕ್ಕೆ ಬರುವುದರಿಂದ ಅಂಗಡಿಯವರ ಅಳತೆಯನ್ನು ನಂಬದೆ ಒಮ್ಮೆ ಉಟ್ಟು ನೋಡಿ, ನೆಲಕ್ಕೆ ತಾಗುವ ಭಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಆ ಗುರುತಿನಿಂದ ಗುರುತಿಗೆ ಹಚ್ಚಿ.

ಮಳೆಗಾಲವಿಡೀ ಒಂದೇ ಕೆಲಸ ಬೇಕೆನ್ನುವವರಿಗೆ ಕೌದಿ. 5 ಅಡಿಗೆ 7 ಅಡಿಯ ಕೌದಿಗೆ ಇಂಚಿಗೊಂದು ಸಾಲಿನಂತೆ 60 ಸಾಲು. ಏಳು ಅಡಿಯ ಒಂದು ಸಾಲಿಗೆ ಸುಮಾರು 20 ನಿಮಿಷ. ವಾರಕ್ಕೆ ಮೂರು ಗಂಟೆಯಲ್ಲಿ ಒಂಬತ್ತು ಸಾಲು, ಏಳು ವಾರದ ಕೆಲಸ. ಜೂನ್ ಕೊನೆಗೆ ಹಿಡಿದರೆ ಕಕ್ಕಡ ಮುಗಿಯುವ ಹೊತ್ತಿಗೆ ಹೊದೆಯಬಹುದು. ಹಳೆ ಸೀರೆಗಳನ್ನು ಏಪ್ರಿಲ್ ಬಿಸಿಲಲ್ಲೇ ಒಗೆದು ಗರಿಗರಿಯಾಗಿ ಒಣಗಿಸಿ ಕಟ್ಟಿಡಿ. ಪದರದೊಳಗೆ ತೇವ ಸೇರಿಸಿ ಹೊಲಿದ ಕೌದಿಗೆ ಒಳಗಿಂದ ಬೂಷ್ಟು ಹಿಡಿಯುತ್ತದೆ, ವಾಸನೆ ಬಂದ ಮೇಲೇ ಗೊತ್ತಾಗುವುದು.

ಓದು

ಇದು ಸುಲಭದ ಲೆಕ್ಕ. ಹದಿನೈದು ನಿಮಿಷ ಓದಿ ಪುಟ ಎಣಿಸಿ. ಎಂಟು ಪುಟ ಆಯಿತೆಂದರೆ ಅರ್ಧ ಗಂಟೆಗೆ 16. ವಾರಕ್ಕೆ ಎರಡು ಸಲ ಕೂತರೆ 32, ನಾಲ್ಕು ಸಲ ಕೂತರೆ 64. ಮಾಮೂಲಿ ವಾರದಲ್ಲಿ 200 ಪುಟದ ಪುಸ್ತಕಕ್ಕೆ ಆರು ವಾರಕ್ಕೂ ಮೀರಿ ಹಿಡಿಯುತ್ತದೆ, ಕಕ್ಕಡದಲ್ಲಿ ಮೂರು ಚಿಲ್ಲರೆ. ಗ್ರಾಮ ಪಂಚಾಯಿತಿಯ ಲೈಬ್ರರಿಯಾದ ಅರಿವು ಕೇಂದ್ರದಿಂದ ತಂದದ್ದಾದರೆ ವಾಪಸಿನ ತಾರೀಖನ್ನು ಮೊದಲು ಬರೆದು, ಅದರೊಳಗೆ ಮುಗಿಯುವ ಗಾತ್ರದ ಪುಸ್ತಕವನ್ನೇ ತನ್ನಿ. ಕುಯ್ಲಿನ ಕಾಲಕ್ಕೆ ಕಾದಂಬರಿ ಬೇಡ, ಸಣ್ಣಕತೆ ಸಾಕು. ಎರಡು ವಾರ ಬಿಟ್ಟು ತೆರೆದರೂ ಎಳೆ ತಪ್ಪುವುದಿಲ್ಲ. ಮಳೆಗಾಲದಲ್ಲಿ ರಾತ್ರಿಯ ಓದನ್ನು ನೆಚ್ಚಿಕೊಳ್ಳಬೇಡಿ, ಕರೆಂಟು ನಿಮ್ಮ ಗುರಿಯನ್ನು ಓದಿರುವುದಿಲ್ಲ. ಮಧ್ಯಾಹ್ನ ಊಟದ ನಂತರದ ಅರ್ಧ ಗಂಟೆ, ಕಿಟಕಿಯ ಬಳಿ.

ಪುಸ್ತಕದ ಕಪಾಟು ಗೋಡೆಯಿಂದ ಎರಡು ಇಂಚು ಈಚೆಗಿರಲಿ, ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇನ್ನಷ್ಟು ಹಬ್ಬುತ್ತದೆ. ಒಣ ಬಟ್ಟೆಯಿಂದ ಮನೆಯ ಹೊರಗೆ ಒರೆಸಿ, ಗಾಳಿಗೆ ಬಿಡಿಸಿ ನಿಲ್ಲಿಸಿ. ವಾರಕ್ಕೊಂದು ಅಡ್ಡಹಲಗೆ ಎಂದರೆ ತಿಂಗಳಿಗೆ ಕಪಾಟು ಪೂರ್ತಿ ಆಗುತ್ತದೆ. ಇದನ್ನು ಓದಿನ ಲೆಕ್ಕಕ್ಕೆ ಸೇರಿಸಬಹುದೇ? ಸೇರಿಸಿ, ಕಕ್ಕಡದಲ್ಲಿ ಮಾತ್ರ.

ಊರ ಕೆಲಸ

ಇಲ್ಲಿನ ತಪ್ಪು ಯಾವಾಗಲೂ ಒಂದೇ: ಕೇಳದೆ ಕೊಡುವುದು. 2018ರ ಆಗಸ್ಟಿನಂಥ ಭೂಕುಸಿತವಾದಾಗ ಕೊಡಬೇಕೆನ್ನುವ ಕೈಗಳಿಗೆ ಕೊರತೆಯಿರುವುದಿಲ್ಲ; ಹಳೆ ಬಟ್ಟೆ ಕಳಿಸುವುದು ಎಲ್ಲಕ್ಕಿಂತ ಸುಲಭ, ಅದನ್ನು ಬೇರ್ಪಡಿಸಲು ಹತ್ತು ಜನ ಬೇಕು. ಹಾಗಾಗಿ ಹೊಸದೊಂದು ಕೆಲಸ ಹಿಡಿಯುವ ಮೊದಲ ವಾರದ ಗುರಿ ಒಂದು ಫೋನು ಅಥವಾ ಒಂದು ಭೇಟಿ ಮಾತ್ರ: ನಿಮಗೆ ಏನು ಬೇಕು, ಯಾವ ದಿನ, ಎಷ್ಟು ಹೊತ್ತು? ಶಾಲೆಯಾದರೆ ಮುಖ್ಯೋಪಾಧ್ಯಾಯರನ್ನು, ಅಂಗನವಾಡಿಯಾದರೆ ಕಾರ್ಯಕರ್ತೆಯನ್ನು ಕೇಳಿ.

ಮಳೆ ಹಿಡಿಯುವ ಮೊದಲು ಮಾಡಬೇಕಾದ ಬಲು ಉಪಯೋಗದ ಕೆಲಸ, ನಿಮ್ಮ ಓಣಿಯ ಮನೆಗಳ ಪಟ್ಟಿ. ಮೇ ತಿಂಗಳಲ್ಲಿ ವಾರಕ್ಕೆ ನಾಲ್ಕು ಮನೆ. ಒಂಟಿಯಾಗಿರುವ ಹಿರಿಯರು ಯಾರು, ಹೊರಗಿರುವ ಮಕ್ಕಳ ನಂಬರು, ದಿನಾ ತೆಗೆದುಕೊಳ್ಳುವ ಮಾತ್ರೆ, ಹತ್ತಿರದಲ್ಲಿ ಜೀಪು ಯಾರ ಮನೆಯಲ್ಲಿದೆ, ಮರ ಕಡಿಯುವ ಗರಗಸ ಯಾರಲ್ಲಿದೆ. ಕಾಗದದ ಮೇಲೆ ಬರೆದು ಎರಡು ಪ್ರತಿ ಮಾಡಿ, ಫೋನು ಸತ್ತ ದಿನವೇ ಅದು ಬೇಕಾಗುವುದು. ಜಿಲ್ಲಾಡಳಿತದ ವಿಪತ್ತು ಸಹಾಯವಾಣಿ 1077, ತುರ್ತಿಗೆ 112, ಆಂಬುಲೆನ್ಸಿಗೆ 108, ಕರೆಂಟಿಗೆ 1912 ಎಂದು ಮೇಲ್ಗಡೆ ದಪ್ಪಕ್ಷರದಲ್ಲಿರಲಿ. ಜೂನ್‌ನಿಂದ ವಾರಕ್ಕೆ ಒಂದು ಗಂಟೆ ಆ ಪಟ್ಟಿಗೆ ಫೋನು ಮಾಡುವುದು. ‘ಏನಾದರೂ ಬೇಕಾ ಅಜ್ಜಿ?’ ಎಂದರೆ ‘ಏನೂ ಬೇಡ ಮಗಳೇ’ ಎಂದೇ ಉತ್ತರ. ‘ಅಜ್ಜಿ, ಬಿಪಿ ಮಾತ್ರೆ ಇನ್ನು ಎಷ್ಟು ಇದೆ, ಎಣಿಸಿ ಹೇಳಿ’ ಎಂದರೆ ಎದ್ದು ಹೋಗಿ ಎಣಿಸುತ್ತಾರೆ. ಇಳಿಜಾರಿನ ಮನೆಯವರನ್ನು ಇನ್ನೂ ಮೂರು ಕೇಳಿ: ಮನೆ ಪಕ್ಕದ ಮಣ್ಣಿನ ಬರೆಯಲ್ಲೋ ಅಂಗಳದಲ್ಲೋ ಹೊಸ ಬಿರುಕು ಬಂದಿದೆಯೇ, ಒರತೆಯ ನೀರು ಇದ್ದಕ್ಕಿದ್ದಂತೆ ಕೆಸರಾಗಿದೆಯೇ, ನೆಟ್ಟಗಿದ್ದ ಮರ ವಾಲಿದೆಯೇ. ಒಂದಕ್ಕೆ ಹೌದೆಂದರೂ ಅವರು ಆ ರಾತ್ರಿ ಅಲ್ಲಿ ಮಲಗಬಾರದು, ನೀವು ಮೊದಲು 1077ಕ್ಕೆ ಫೋನು ಮಾಡಿ.

ರಸ್ತೆಬದಿಯ ಪ್ಲಾಸ್ಟಿಕ್ ಹೆಕ್ಕುವುದಾದರೆ ಒಂದು ಗಂಟೆಗೆ ಇಬ್ಬರಿಗೆ 200 ಮೀಟರ್ ಸಾಕು. ಗಾಜಿಗೆ ಬೇರೆ ಗೋಣಿ, ದಪ್ಪ ಕೈಗವಸು. ಚೀಲವನ್ನು ಯಾರು, ಯಾವ ದಿನ ಒಯ್ಯುತ್ತಾರೆ ಎಂದು ಪಂಚಾಯಿತಿಯಲ್ಲಿ ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಕಟ್ಟಿಟ್ಟದ್ದನ್ನು ನಾಯಿ ಹರಿದು ಎರಡೇ ದಿನಕ್ಕೆ ಮತ್ತೆ ರಸ್ತೆಗೆ. ರಕ್ತದಾನವನ್ನು ವಾರದ ಪುಸ್ತಕಕ್ಕಿಂತ ವರ್ಷದ ಕ್ಯಾಲೆಂಡರಿನಲ್ಲಿ ಬರೆಯಿರಿ: ಗಂಡಸರಿಗೆ 90 ದಿನಕ್ಕೊಮ್ಮೆ, ಹೆಂಗಸರಿಗೆ 120 ದಿನಕ್ಕೊಮ್ಮೆ, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5. ಆ ವಾರ ಸೌದೆ ಹೊರುವ ಗುರಿ ಹಾಕಬೇಡಿ.

ಪುಟ ಹೇಗಿರುತ್ತದೆ

ಗೋಣಿಕೊಪ್ಪದ ಕಡೆಯ ಒಂದು ಮನೆಗೆ ಜುಲೈ ಮೂರನೆಯ ವಾರದ ಪುಟ, ಶನಿವಾರ ಸಂಜೆ ಬರೆದದ್ದು, ಹೀಗಿರಬಹುದು:

ಹೊಲಿಗೆ, 3 ಗಂಟೆ: ಕೌದಿ 19ನೆಯ ಸಾಲಿನಿಂದ 27ರವರೆಗೆ.
ಹಿತ್ತಲು, 1 ಗಂಟೆ: ಬಚ್ಚಲ ಹಿಂದಿನ ಚರಂಡಿ 20 ಅಡಿ. ಮಳೆ ಬಿಡದಿದ್ದರೆ: ಕೋಳಿಗೂಡಿನ ಹೊಟ್ಟು ಎರಡು ಸಲ ಕೆದಕುವುದು, ನೀರಿನ ತಟ್ಟೆ ಸುತ್ತ ಒಣ ಹೊಟ್ಟು ಒಂದು ಬುಟ್ಟಿ.
ಓದು, 1 ಗಂಟೆ: 65ರಿಂದ 96ನೆಯ ಪುಟ, ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ.
ಊರ ಕೆಲಸ, 1 ಗಂಟೆ: ಪಟ್ಟಿಯ ಎಂಟು ಮನೆಗೆ ಫೋನು, ಬುಧವಾರ. ಲೈನ್ ಸಿಗದಿದ್ದರೆ: ಹತ್ತಿರದ ಎರಡು ಮನೆಗೆ ನಡೆದು ಹೋಗಿಬರುವುದು.
ಸಂತೆಯಿಂದ: 16 ನಂಬರ್ ಸೂಜಿ 2, ಬಿಳಿ ದಾರ 3 ಉಂಡೆ, ಟಾರ್ಚ್ ಸೆಲ್.

ಮುಂದಿನ ಶನಿವಾರ ಮುಗಿದದ್ದಕ್ಕೆ ಟಿಕ್ ಹಾಕಿ, ಮುಗಿಯದ್ದರ ಪಕ್ಕದಲ್ಲಿ ಕಾರಣ ಎರಡೇ ಪದದಲ್ಲಿ: ‘ಸೂಜಿ ಇರಲಿಲ್ಲ’, ‘ನೆಂಟರು’, ‘ಮನಸ್ಸಾಗಲಿಲ್ಲ’. ಮೂರನೆಯದನ್ನೂ ನಾಚದೆ ಬರೆಯಿರಿ. ಮುಗಿಯದ್ದು ಮುಂದಿನ ವಾರಕ್ಕೆ ಒಮ್ಮೆ ಹೋಗಬಹುದು. ಎರಡನೆಯ ಸಲವೂ ಉಳಿದರೆ ಅರ್ಧ ಮಾಡಿ. 20 ಅಡಿ ಚರಂಡಿ 10 ಅಡಿಯಾಗಲಿ. ಮೂರನೆಯ ಸಲವೂ ಉಳಿದರೆ ಗೆರೆ ಹೊಡೆಯಿರಿ, ಇಲ್ಲವೇ ಕೂಲಿ ಕೊಟ್ಟು ಮಾಡಿಸಿ. ಉಳಿಕೆಯನ್ನೆಲ್ಲ ಹೊತ್ತುಕೊಂಡು ಹೋದರೆ ಐದನೆಯ ವಾರದ ಪುಟದಲ್ಲಿ ಹೊಸದೇನೂ ಹಿಡಿಸುವುದಿಲ್ಲ. ಒಂದೇ ಕಾರಣ ತಿಂಗಳಲ್ಲಿ ಮೂರು ಸಲ ಕಂಡರೆ ಆ ಕಾರಣವೇ ಮುಂದಿನ ವಾರದ ಗುರಿ. ‘ಸೂಜಿ ಇರಲಿಲ್ಲ’ ಎಂದು ಮೂರು ಸಲ ಬರೆದವರು ಮುಂದಿನ ಸಂತೆಯಲ್ಲಿ 11, 14, 16 ಒಂದೊಂದು ಪ್ಯಾಕೆಟ್ ತಂದು, ಅಕ್ಕಿಕಾಳು ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮೆಷಿನ್ನಿನ ಡ್ರಾಯರಿನಲ್ಲಿಡಿ.